ಟ್ಯಾಂಕಿನ ಹಿಂದಿನ ಚಾತಕ

ನನ್ನನ್ನು ಸ್ಕೂಲು ಬಿಡಿಸಿದ್ದು ಅಮ್ಮ ಅಂತ ನೆಂಟರೆಲ್ಲ ತಿಳಿದುಕೊಂಡಿದ್ದಾರೆ. ಪಾಪ, ಅವಳದ್ದೇನೂ ತಪ್ಪಿಲ್ಲ. ಬಿಡಿಸಿದ್ದು ನನ್ನ ಗಂಟಲು.

ಲಾಕ್‌ಡೌನ್ ಸಮಯ. ನಾನು ಐದನೇ ಕ್ಲಾಸು. ಪಾಠವೆಲ್ಲ ಅಪ್ಪನ ಫೋನಿನಲ್ಲಿ. ನಮ್ಮ ಸಮಾಜದ ಮಿಸ್ಸಿಗೆ ಪ್ರತಿ ಮಾತಿನ ಬಾಲವನ್ನು ಮೂಗಿನಲ್ಲಿ ಎಳೆಯುವ ಅಭ್ಯಾಸ. ಒಂದು ದಿನ ಅವರು ನೀರು ಕುಡಿಯಲು ಎದ್ದು ಹೋದಾಗ ನಾನು ವಿಡಿಯೊ ಆಫ್ ಮಾಡಿ, ಅದೇ ಎಳೆತದಲ್ಲಿ, "ಮಕ್ಕಳೇ, ಇವತ್ತಿಗೆ ಇಷ್ಟು ಸಾಕು, ಎಲ್ರೂ ಕಟ್ ಮಾಡೀಈಈ" ಅಂದೆ. ಮಿಸ್ಸು ವಾಪಸ್ ಬರುವಷ್ಟರಲ್ಲಿ ಕ್ಲಾಸು ಖಾಲಿ. ಉಳಿದವನು ನಾನೊಬ್ಬ. ನನ್ನ ಪ್ರತಿಭೆಯ ಫಲವನ್ನು ನಾನೇ ನೋಡದೆ ಹೋದರೆ ಹೇಗೆ?

ಸಂಜೆ ಅಮ್ಮನಿಗೆ ಫೋನ್ ಬಂತು. "ನಿಮ್ಮ ಮಗನಿಗೆ ನೋಡೋದು, ಕೇಳೋದು, ಅದನ್ನೇ ತಿರುಗಿಸಿ ಮಾಡಿ ತೋರಿಸೋದು, ಇಷ್ಟು ಬಿಟ್ರೆ ಬೇರೇನೂ ಬರಲ್ಲ ನೋಡಿ" ಅಂದರಂತೆ. ಅಮ್ಮ ಕ್ಷಮೆ ಕೇಳಿ ಫೋನಿಟ್ಟಳು. ನನಗೆ ಬೀಳಬೇಕಾದ ಏಟು ಬೀಳಲಿಲ್ಲ. ಅವಳು ಗ್ಯಾಸ್ ಕಟ್ಟೆಗೆ ಒರಗಿ ನಿಂತು, "ನೋಡೋದು, ಕೇಳೋದು ಬಂದ್ರೆ ಇನ್ನೇನಪ್ಪಾ ಬೇಕು?" ಅಂತ ತನಗೆ ತಾನೇ ಅಂದುಕೊಂಡಳು. ನಮ್ಮ ಮನೆಯ ಶಾಲೆ ಶುರುವಾಗಿದ್ದು ಆ ಒಂದು ಮಾತಿನಿಂದ.

ಅಮ್ಮ ಸಸ್ಯಶಾಸ್ತ್ರದಲ್ಲಿ ಬಿಎಸ್ಸಿ. ಟೀಚರ್ ಆಗಬೇಕು ಅಂತ ಆಸೆ ಇಟ್ಟುಕೊಂಡಿದ್ದವಳು. ಡಿಗ್ರಿ ಮುಗಿದ ತಿಂಗಳಲ್ಲೇ ಮದುವೆಯಾಯಿತು, ಆಮೇಲೆ ನಾನು ಹುಟ್ಟಿದೆ, ನನ್ನ ಹಿಂದೆ ತಂಗಿ. ಬಿ.ಎಡ್. ಅಪ್ಲಿಕೇಶನ್ನು ಬಹಳ ದಿನ ಅಕ್ಕಿ ಡಬ್ಬದ ಕೆಳಗೆ ಇತ್ತು. ಅದರ ಮೇಲೆ ಅವಳು ಹಾಲಿನ ಲೆಕ್ಕ ಬರೆಯುತ್ತಿದ್ದದ್ದು ನನಗೆ ನೆನಪಿದೆ. ಹಾಗಾಗಿ ಗೋವಿಂದರಾಜನಗರದ ಆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಇಬ್ಬರು ವಿದ್ಯಾರ್ಥಿಗಳ ಶಾಲೆಗೆ ಅವಳು ಟೀಚರ್ರು, ಹೆಡ್ಮೇಡಮ್ಮು, ಆಯಾ ಎಲ್ಲ ಆದಳು.

ನಮ್ಮ ಶಾಲೆಯ ಗಂಟೆ ಅಂದರೆ ದೇವರಮನೆಯ ಗಂಟೆ. ಸ್ನಾನ ಮಾಡಿ ಬಂದು ದೀಪದ ಮುಂದೆ ಕೂತು ಶ್ಲೋಕ ಹೇಳಬೇಕು. ಮಂಗಳಾರತಿ ಆದ ತಕ್ಷಣ ಮೂವರೂ ನೋಟ್ ಪುಸ್ತಕ ಹಿಡಿದು ಟೆರೇಸಿಗೆ. ಪಕ್ಕದ ಸೈಟಿನ ಗಸಗಸೆ ಹಣ್ಣಿನ ಮರ ನಮ್ಮ ಟೆರೇಸಿನ ಮೇಲೆ ಅರ್ಧ ಬಾಗಿತ್ತು. ಅದರ ಕೆಳಗೆ ಚಾಪೆ. ಪುಟದ ನೆತ್ತಿಯಲ್ಲಿ "ಶ್ರೀ" ಬರೆದು, ಕೆಳಗೆ ಗೀಟು ಎಳೆದು ಮೂರು ಕಾಲಮ್ಮು ಮಾಡಬೇಕು: ಕಂಡದ್ದು, ಕೇಳಿದ್ದು, ಗೊತ್ತಾಗದ್ದು. ಅರ್ಧ ಗಂಟೆ ಮಾತಿಲ್ಲ. ನನಗೆ ಅರ್ಧ ಗಂಟೆ ಮಾತಿಲ್ಲದೆ ಕೂರುವುದು ಅಂದರೆ ಉಪವಾಸ ಇದ್ದ ಹಾಗೆ. ಆದರೆ ಆ ಉಪವಾಸದಲ್ಲೇ ನಾನು ಅಳಿಲು ಬೈಯುವುದನ್ನು ಕಲಿತೆ. ಕೆಂಬೂತ ಗುಟುರು ಹಾಕುವುದು, ಸೊಪ್ಪಿನ ಅಜ್ಜಿ ಕೂಗುವುದು, ಎದುರುಮನೆ ಅಂಕಲ್ ಹಲ್ಲುಜ್ಜುವಾಗ ಓಕರಿಸುವುದು, ಎಲ್ಲ ಕಲಿತೆ. ಕೊನೆಯದನ್ನು "ಕೇಳಿದ್ದು" ಕಾಲಮ್ಮಿನಲ್ಲಿ ಬರೆದಾಗ ಅಮ್ಮ ನಗು ತಡೆದುಕೊಂಡು, "ಅವ್ರೂ ದೇವರ ಸೃಷ್ಟಿನೇ, ಇರ್ಲಿ ಬಿಡು" ಅಂದಳು.

ಆದರೆ ಒಂದು ವಿಷಯದಲ್ಲಿ ಮಾತ್ರ ಅವಳಿಗೆ ತಮಾಷೆ ಆಗುತ್ತಿರಲಿಲ್ಲ. ಒಮ್ಮೆ ನಾನು, ಗರುಡ ಹಾವನ್ನು ಕಚ್ಚಿಕೊಂಡು ಹಾರಿತು ಅಂತ ಬರೆದೆ. ಅಮ್ಮ ಓದಿ, "ಹಾವಿನ ಬಾಲ ಯಾವ ಕಡೆ ಇತ್ತು?" ಅಂದಳು.

"ಹಿಂದೆ."

"ಕಾಲಲ್ಲಿ ಹಿಡ್ಕೊಂಡಿತ್ತೋ, ಕೊಕ್ಕಲ್ಲೋ?"

ತಂಗಿ ಪಕ್ಕದಿಂದ, "ಅಮ್ಮಾ, ಅದು ಪಾರಿವಾಳ. ಬಾಯಲ್ಲಿ ಪೊರಕೆ ಕಡ್ಡಿ ಇತ್ತು" ಅಂದಳು. ಆರು ವರ್ಷದ ಸತ್ಯಹರಿಶ್ಚಂದ್ರಿ.

ಅಮ್ಮ ಬೈಯಲಿಲ್ಲ. "ದೇವರು ಮಾಡಿದ್ದನ್ನ ಇದ್ದ ಹಾಗೆ ಬರೆಯೋದೂ ಒಂದು ಪೂಜೆ ಕಣೋ. ಇಲ್ಲದ್ದನ್ನ ಬರೆದ್ರೆ ಬಾಡಿದ ಹೂವು ಏರಿಸಿದ ಹಾಗೆ" ಅಂದಳು. ಅಳಿಸಲು ರಬ್ಬರು ಕೊಡಲಿಲ್ಲ. ಸ್ಕೇಲಿಟ್ಟು ಒಂದೇ ಒಂದು ಗೆರೆ ಹೊಡೆಸಿದಳು, ತಪ್ಪು ಕೆಳಗಿನಿಂದ ಕಾಣುವ ಹಾಗೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಆ ಪುಸ್ತಕಗಳನ್ನೇ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ನನ್ನ ಪೊರಕೆ ಕಡ್ಡಿಯ ಗರುಡನಿಗೂ ಅಕ್ಷತೆ ಬಿತ್ತು.

ಚಾತಕದ ಕಥೆ ಹೇಳಿದ್ದು ಅಮ್ಮನೇ. ಮಾಗಡಿ ರಸ್ತೆಯಲ್ಲಿ ಬಹಳ ಆಚೆ, ಅವಳ ತಾಯಿಯ ಊರಿನಲ್ಲಿ, ಮಳೆಗೆ ಮೊದಲು ಅದು ಬರುತ್ತಿತ್ತಂತೆ. ಆಕಾಶದಿಂದ ಬೀಳುವ ಹನಿ ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ ಅಂತ ಅವಳ ಅಜ್ಜಿ ಹೇಳುತ್ತಿದ್ದರಂತೆ.

"ಬೋರ್‌ವೆಲ್ ನೀರು?" ಅಂದಳು ತಂಗಿ.

"ಅದೂ ಇಲ್ಲ."

"ಕ್ಯಾನ್ ನೀರು?"

"ಅದೂ ಇಲ್ಲ ಕಣೇ. ಅಜ್ಜಿ ಹೇಳಿದ್ದು ಅದು. ನಿಜವಾಗ್ಲೂ ಏನು ಕುಡಿಯುತ್ತೋ ನಾನು ನೋಡಿಲ್ಲ. 'ಗೊತ್ತಾಗದ್ದು' ಕಾಲಮ್ಮಲ್ಲಿ ಬರ್ಕೊ."

ಚಾತಕ ಕೂಗಿದರೆ ಆ ಅಜ್ಜಿ ಮೊರ ಕೆಳಗಿಟ್ಟು ಕೈ ಮುಗಿಯುತ್ತಿದ್ದರಂತೆ. ಹೇಗೆ ಕೂಗುತ್ತೆ ಅಂತ ನಾನು ಕೇಳಿದೆ. ಅಮ್ಮ ಕಣ್ಣು ಮುಚ್ಚಿ, ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು, ಇಪ್ಪತ್ತೈದು ವರ್ಷ ಹಿಂದಿನಿಂದ ಎಳೆದು ತಂದ ಹಾಗೆ ಕೂಗಿದಳು. "ಪೀ... ಪಿಯೂ. ಪೀ... ಪಿಯೂ." ಎರಡನೆಯದು ಸ್ವಲ್ಪ ಕೆಳಗೆ ಇಳಿದು ನಿಂತಿತು. ಅಮ್ಮನ ಗಂಟಲಿನಲ್ಲಿ ಅಂಥ ಸ್ವರ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೊಂಡು ನಕ್ಕುಬಿಟ್ಟಳು. ನನಗೆ ಮಾತ್ರ ಅದು ಅಂಟಿಕೊಂಡಿತು. ಅಂಟಿಕೊಂಡದ್ದು ಹೊರಗೆ ಬರದೆ ಹೋಗುವ ಗಂಟಲಲ್ಲ ನನ್ನದು.

ಮೂಡಲಪಾಳ್ಯದಲ್ಲಿ ನಮ್ಮ ಅತ್ತೆ ಇದ್ದರು, ಅಪ್ಪನ ಅಕ್ಕ. ರಿಟೈರ್ ಆದ ಹೈಸ್ಕೂಲ್ ಗಣಿತ ಟೀಚರ್. ಲಾಕ್‌ಡೌನ್ ಸಡಿಲವಾದ ಮೇಲೆ ಭಾನುವಾರ ಭಾನುವಾರ ಬಂದು ನಮ್ಮನ್ನು ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ಕಾಫಿ ಲೋಟ ಕೈಗೆ ಬರುವ ಮೊದಲೇ, "ಏನೋ, ಹದಿನೇಳರ ಮಗ್ಗಿ ಹೇಳು" ಅನ್ನುವರು. ನಾನು ಅವರ ಗಂಟಲಿನಲ್ಲೇ ಹೇಳುತ್ತಿದ್ದೆ. ಹದಿನೇಳಾರಲೆ ತನಕ ಸರಿ, ಅಲ್ಲಿಂದಾಚೆ ಗಂಟಲು ಅವರದ್ದು, ಉತ್ತರ ನನ್ನದು.

ಮೊದಲ ವರ್ಷ ಮುಗಿದ ಜೂನಿನ ಒಂದು ಭಾನುವಾರ ಅತ್ತೆ ಅಮ್ಮನ ನೋಟ್ ಪುಸ್ತಕವನ್ನೇ ಎತ್ತಿಕೊಂಡರು. ಹಾಳೆ ಮಗುಚಿ, "ಮಡಿವಾಳ ಹಕ್ಕಿ ಬಾಲ ಎತ್ತಿತು. ಗಸಗಸೆ ಹಣ್ಣು ಹನ್ನೊಂದು ಬಿತ್ತು. ಇದು ಯಾವ ಸಿಲಬಸ್ಸಮ್ಮ?" ಅಂದರು.

ಅಮ್ಮ, "ಹಾಗಲ್ಲ ಅತ್ತಿಗೆ, ಅವ್ರು ಗಮನ ಇಟ್ಟು ನೋಡೋದು ಕಲೀತಿದಾರೆ" ಅಂದಳು.

"ನೋಡೋದು ಯಾರಿಗೆ ಬರಲ್ಲ? ನಮ್ಮನೆ ಬೆಕ್ಕೂ ಕಿಟಕೀಲಿ ಕೂತು ದಿನಪೂರ್ತಿ ನೋಡುತ್ತೆ." ಆಮೇಲೆ ಅಪ್ಪನ ಕಡೆ ತಿರುಗಿ, "ಸ್ಕೂಲು ತೆಗೀತಾರಂತೆ. ಸೇರಿಸಿಬಿಡೋ. ಮಕ್ಕಳ ಜೊತೆ ಆಟ ಆಡ್ಬೇಡ" ಅಂದರು.

ಅಪ್ಪ ಆಫೀಸು ಗುಮಾಸ್ತರು. ಜಗಳವಾಡಿ ಗೊತ್ತಿಲ್ಲ. ಅಕ್ಕನ ಮಾತಿಗೂ ತಲೆಯಾಡಿಸಿ, ಹೆಂಡತಿಯ ಮಾತಿಗೂ ತಲೆಯಾಡಿಸಿ ಕತ್ತು ಸವೆಸಿಕೊಂಡವರು. ಆ ದಿನ ಮಾತ್ರ ಅಮ್ಮನಿಗೆ, "ನೋಡೋಣ, ಈ ತಿಂಗಳು ಕೊನೆಗೆ ಅಡ್ಮಿಷನ್ ಮಾಡ್ಸಿಬಿಡೋಣ" ಅಂದರು. ಅಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನ ಬೆಳಿಗ್ಗೆ ಟೆರೇಸಿನಲ್ಲಿ ಅವಳು "ಶ್ರೀ" ಬರೆದು ಸುಮ್ಮನೆ ಕೂತಿದ್ದಳು. ಕಣ್ಣು ಮರದ ಮೇಲಿತ್ತು, ಆದರೆ ಅವಳು ಮರವನ್ನು ನೋಡುತ್ತಿರಲಿಲ್ಲ. ಅಪ್ಪನೂ ಕಾಫಿ ಹಿಡಿದು ಮೇಲೆ ಬಂದಿದ್ದರು, ಹಿಂದಿನ ದಿನದ್ದಕ್ಕೆ ಸಮಾಧಾನ ಮಾಡಲು ಇರಬೇಕು. ಟೆರೇಸಿನ ಟ್ಯಾಂಕಿಗೆ ನೀರು ತುಂಬಿದಾಗ ಕೆಳಗೆ ಹೋಗಿ ಮೋಟರ್ ಆಫ್ ಮಾಡುವುದು ನನ್ನ ಡ್ಯೂಟಿ. ಆಫ್ ಮಾಡಿ ವಾಪಸ್ ಬರುವಾಗ ನನಗೊಂದು ಐಡಿಯಾ ಹೊಳೆಯಿತು. ಟ್ಯಾಂಕಿನ ಹಿಂದೆ ಕೂತು ಅಮ್ಮನ ಹಾಗೆ ಚಾತಕ ಕೂಗಬೇಕು, ಅವಳು ಬೆಚ್ಚಬೇಕು, ನಾನು "ಹೆಂಗೆ?" ಅಂತ ಹೊರಗೆ ಹಾರಬೇಕು, ಅವಳು ನಕ್ಕು ನನ್ನ ಬೆನ್ನಿಗೊಂದು ಗುದ್ದಬೇಕು. ಇಷ್ಟೇ ಪ್ಲ್ಯಾನು.

"ಪೀ... ಪಿಯೂ. ಪೀ... ಪಿಯೂ."

ಟ್ಯಾಂಕಿನ ಸಂದಿಯಿಂದ ನೋಡಿದೆ. ಅಮ್ಮ ಎದ್ದು ನಿಂತಿದ್ದಳು. ಪುಸ್ತಕ ಚಾಪೆಯ ಮೇಲೆ ಬಿದ್ದಿತ್ತು. ಎರಡೂ ಕೈ ಎದೆಯ ಹತ್ತಿರ ಮುಗಿದಿದ್ದವು. ತಂಗಿ ಅವಳನ್ನು ನೋಡಿ ತಾನೂ ಕೈ ಮುಗಿದಳು. ಅಮ್ಮ ಅಪ್ಪನ ಕಡೆ ತಿರುಗಿ ಏನೋ ಹೇಳಲು ಹೋದಳು, ಅಳು ಬಂತು. ಅಪ್ಪ ಕಾಫಿ ಲೋಟ ಹಿಡಿದುಕೊಂಡೇ, "ಅದೇನಾ? ನೀನು ಹೇಳ್ತಿದ್ಯಲ್ಲ, ಅದೇನಾ?" ಅನ್ನುತ್ತಿದ್ದರು.

ಹೊರಗೆ ಹಾರಲು ನನಗಿದ್ದದ್ದು ಎರಡೇ ಕ್ಷಣ. ಹಾರಲಿಲ್ಲ. ಮೂರನೇ ಕ್ಷಣದಿಂದ ಅದು ಸುಳ್ಳಾಯಿತು.

ಅವತ್ತು ಸಂಜೆ ಮಳೆ ಬಂತು. ಜೂನಿನಲ್ಲಿ ಬೆಂಗಳೂರಿಗೆ ಮಳೆ ಬರಲು ಚಾತಕವೇ ಬೇಕಾಗಿಲ್ಲ, ಒಣಗಲು ಹಾಕಿದ ಹಪ್ಪಳ ಇದ್ದರೆ ಸಾಕು. ಆದರೂ ಬಂತು. ಅಪ್ಪ ಕಿಟಕಿಯಲ್ಲಿ ನಿಂತು ನೋಡಿದರು. ರಾತ್ರಿ ಊಟಕ್ಕೆ ಕೂತಾಗ, "ಇನ್ನೊಂದು ವರ್ಷ ನೀನೇ ಹೇಳ್ಕೊಡು. ಅಕ್ಕನಿಗೆ ನಾನು ಹೇಳ್ತೀನಿ" ಅಂದರು. ಅಪ್ಪ ಅಕ್ಕನಿಗೆ ಏನನ್ನಾದರೂ ಹೇಳುತ್ತೇನೆ ಅಂದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅಮ್ಮ ಅವರ ತಟ್ಟೆಗೆ ತುಪ್ಪ ಬಡಿಸಿದಳು, ಆಮೇಲೆ ನನ್ನ ತಟ್ಟೆಗೂ ಬಡಿಸಿ, "ಛೆ, ನೀನೊಬ್ಬ ಕೇಳಿಸ್ಕೊಳ್ಳಲಿಲ್ವಲ್ಲೋ" ಅಂದಳು.

ಈಗ ನಾನು ಹೇಳಿದರೆ ಶಾಲೆ ಮುಚ್ಚುತ್ತದೆ. ಹನ್ನೊಂದು ವರ್ಷದವನಿಗೆ ಅರ್ಥವಾದ ಲೆಕ್ಕ ಅಷ್ಟೇ, ಹದಿನೇಳರ ಮಗ್ಗಿಗಿಂತ ಸುಲಭವಾಗಿತ್ತು. ಹೇಳಲಿಲ್ಲ. ಬರೀ ಹೇಳದೆ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ವಾರ ಕಳೆದ ಮೇಲೆ ಅಮ್ಮ ದಿನಾ ಕತ್ತೆತ್ತಿ ಕಾಯುವುದನ್ನು ನೋಡಲಾಗದೆ ಇನ್ನೊಮ್ಮೆ ಕೂಗಿದೆ. ಆಮೇಲೆ ಮತ್ತೊಮ್ಮೆ. ದಿನಾ ಕೂಗಿದರೆ ಅನುಮಾನ ಬರುತ್ತೆ ಅಂತ ಎರಡು ದಿನ ಬಿಟ್ಟು, ನಾಲ್ಕು ದಿನ ಬಿಟ್ಟು ಕೂಗಿದೆ. ದೂರದಿಂದ ಬಂದ ಹಾಗೆ ಕೇಳಲಿ ಅಂತ ಬಾಯಿಗೆ ಕೈ ಅಡ್ಡ ಹಿಡಿದೆ. ಮಳೆಗಾಲ ಮುಗಿದ ಮೇಲೆ ನಿಲ್ಲಿಸಿ, ಮಾರನೇ ವರ್ಷ ಮೇ ಕೊನೆಗೆ ಮತ್ತೆ ಶುರು ಮಾಡಿದೆ. ವಲಸೆ ಹಕ್ಕಿಗಳ ಬಗ್ಗೆ ನನ್ನಷ್ಟು ಕಷ್ಟಪಟ್ಟು ಓದಿದ ಹುಡುಗ ಇಡೀ ವೆಸ್ಟ್ ಬೆಂಗಳೂರಿನಲ್ಲಿ ಇದ್ದಿರಲಾರ.

ಎರಡನೇ ವರ್ಷ ಅಮ್ಮ ಬದಲಾದಳು. ಅವಳು ಮೊದಲಿಂದ ಮೆಲ್ಲಗೆ ಮಾತಾಡುವವಳು. ಈಗ ಗಂಟಲಲ್ಲಿ ಒಂದು ಗಟ್ಟಿತನ ಬಂತು. ಗುರುವಾರದ ಭಜನೆಯಲ್ಲಿ ಚಾತಕದ ವಿಷಯ ಹೇಳಿದಳು. ಅಲ್ಲಿನ ಆಂಟಿಯರು ನೋಟ್ ಪುಸ್ತಕ ನೋಡಿ, ತಮ್ಮ ಮಕ್ಕಳನ್ನೂ ಕಳಿಸುತ್ತೇವೆ ಅಂದರು. ಶನಿವಾರ ಬೆಳಿಗ್ಗೆ ಐದು ಮಕ್ಕಳು ಬರಲು ಶುರುವಾದರು. ಎರಡನೇ ಚಾಪೆ ಬಂತು, ಒಂದು ಕರಿಹಲಗೆ ಬಂತು. ಅಮ್ಮ ಶನಿವಾರ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ತನ್ನ ಮನೆಯ ಟೆರೇಸಿಗೇ ಪೆನ್ನು ಸಿಕ್ಕಿಸಿಕೊಂಡು ಹತ್ತುತ್ತಿದ್ದಳು. "ಮಿಸ್, ಮಿಸ್" ಅಂತ ಆ ಮಕ್ಕಳು ಕೂಗಿದಾಗ ಮೊದಮೊದಲು ಅವಳಿಗೆ ಅದು ತನ್ನನ್ನೇ ಅಂತ ಗೊತ್ತಾಗುತ್ತಿರಲಿಲ್ಲ. ನಾನು ಅದನ್ನೂ ಅಣಕಿಸಿದೆ. ಅವಳು ಸ್ಕೇಲು ಎತ್ತಿಕೊಂಡು ಅಟ್ಟಿಸಿಕೊಂಡು ಬಂದಳು, ನಗುತ್ತಾ. ಅವಳು ಅಷ್ಟು ನಕ್ಕ ವರ್ಷ ಅದೊಂದೇ.

ಅತ್ತೆಯೂ ಒಮ್ಮೆ ಬಂದು ಹಿಂದೆ ಕೂತು ಪಾಠ ನೋಡಿದರು. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಹಲಗೆ ಸ್ವಲ್ಪ ಎತ್ತರಕ್ಕೆ ಹಾಕಮ್ಮ, ಹಿಂದಿನ ಮಕ್ಕಳಿಗೆ ಕಾಣಲ್ಲ" ಅಂದರು. ಅಷ್ಟೇ ಮಾತು. ಅಮ್ಮ ಆ ಸಂಜೆ ಪಾಯಸ ಮಾಡಿದಳು.

ಮೂರನೇ ವರ್ಷದ ಮೇ ತಿಂಗಳಲ್ಲಿ ನನ್ನ ದನಿ ಒಡೆಯಿತು.

ಬೇರೆ ಹುಡುಗರಿಗೆ ಅದು ಮೀಸೆಯ ಮುನ್ಸೂಚನೆ. ನನಗೆ ಮಾತ್ರ ಅಂಗಡಿಗೆ ಬೆಂಕಿ ಬಿದ್ದ ಹಾಗೆ. ಸಮಾಜದ ಮಿಸ್ಸು ಹೋದರು, ಸೊಪ್ಪಿನ ಅಜ್ಜಿ ಹೋದಳು. ಎದುರುಮನೆ ಅಂಕಲ್ ಮಾತ್ರ ಉಳಿದರು. "ಪೀ" ಅಂತ ಶುರು ಮಾಡಿದರೆ ಮೇಲೆ ಹೋಗುತ್ತಿತ್ತು, "ಪಿಯೂ" ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಪಾತ್ರೆ ಉರುಳಿದ ಹಾಗೆ ಆಗುತ್ತಿತ್ತು. ಸುಮ್ಮನಿರಬೇಕಿತ್ತು. ಹಕ್ಕಿ ಈ ವರ್ಷ ಬರಲಿಲ್ಲ ಅಂದರೆ ಆಗಿತ್ತು. ಆದರೆ ಅಮ್ಮ ಶನಿವಾರದ ಮಕ್ಕಳಿಗೆ, "ಇನ್ನೇನು ಬರುತ್ತೆ, ಕಿವಿ ಇಟ್ಟಿರಿ" ಅಂತ ಹೇಳಿಬಿಟ್ಟಿದ್ದಳು. ಅವರು ಎರಡು ವಾರ ಕಿವಿ ಇಟ್ಟೇ ಇದ್ದರು. ಅವಳ ಮುಖ ಸಣ್ಣಗಾಗುತ್ತಿತ್ತು.

ಜೂನಿನ ಒಂದು ಶುಕ್ರವಾರ, ಬರೀ ಮನೆಯವರೇ ಇದ್ದಾಗ, ಟ್ಯಾಂಕಿನ ಹಿಂದೆ ಕೂತು ಬಿಸಿನೀರು ಕುಡಿದು ಕೂಗಿದೆ. ಮೊದಲನೆಯದು ಸರಿಯಾಗಿ ಬಂತು. ಎರಡನೆಯದು ಕೊನೆಯಲ್ಲಿ ಒಡೆದು, ದಪ್ಪಗಾಗಿ, ಕಪ್ಪೆಯ ಹಾಗೆ ನಿಂತಿತು. ಆಚೆಯಿಂದ ತಂಗಿಯ ದನಿ ಕೇಳಿತು. "ಅಮ್ಮಾ, ಚಾತಕಕ್ಕೆ ಶೀತ ಆಗಿದೆ!"

ಅವಳು ಹಾಗೇ ಬರೆದಳು ಕೂಡ. ಸುತ್ತು ಹಾಕಿ ಬಂದು ನಾನು ಅವಳ ಪುಸ್ತಕದಲ್ಲಿ ಓದಿದೆ: "ಚಾತಕ ಕೂಗಿತು. ಗಂಟಲು ಕಟ್ಟಿದೆ. ಕೊನೆಗೆ ದಪ್ಪ ಸ್ವರ ಬಂತು." ಕಂಡದ್ದು ಕಂಡ ಹಾಗೆ ಬರೆಯುವುದರಲ್ಲಿ ಅವಳು ಅಮ್ಮನ ಅತ್ಯುತ್ತಮ ವಿದ್ಯಾರ್ಥಿ.

ಮಾರನೇ ಬೆಳಿಗ್ಗೆ ದೀಪದ ಮುಂದೆ ಶ್ಲೋಕ. ಮೇಲಿನ ಸ್ಥಾಯಿಗೆ ಹೋಗುವ ಜಾಗದಲ್ಲಿ ನನ್ನ ದನಿ ಒಡೆದು, ದಪ್ಪಗಾಗಿ ನಿಂತಿತು. ಅದೇ ಜಾಗ, ಅದೇ ಕಪ್ಪೆ.

ತಂಗಿ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ಅಣ್ಣಾ, ಚಾತಕದ ಶೀತ ನಿಂಗೂ ಬಂತು!"

ಅಮ್ಮನೂ ನಕ್ಕಳು. ನಗುತ್ತಲೇ ಆರತಿ ತಟ್ಟೆ ಎತ್ತಿಕೊಂಡಳು. ಆಮೇಲೆ ನಗು ನಿಂತಿತು. ಆರತಿ ಮಾಡಿ, ನಮಗೆ ಕೊಟ್ಟು, ಟೆರೇಸಿಗೆ ಹೋಗಲಿಲ್ಲ. ಮೂರು ವರ್ಷದ ಪುಸ್ತಕಗಳನ್ನೂ ಇಳಿಸಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮನ ಪುಸ್ತಕದಲ್ಲಿ ಹಕ್ಕಿಗಳ ಜೊತೆ ಮನೆಯೂ ಇರುತ್ತಿತ್ತು, ಯಾರಿಗೆ ಹುಷಾರಿಲ್ಲ, ಯಾರು ಎಲ್ಲಿ ಹೋದರು, ಎಲ್ಲ ಇದ್ದ ಹಾಗೆ ಬರೆಯುವಳು. ಅವಳ ಬೆರಳು ಒಂದೊಂದು ಸಾಲಿನ ಮೇಲೆ ನಿಲ್ಲುತ್ತಿತ್ತು. "ಮಗನಿಗೆ ಜ್ವರ, ಮೂರು ದಿನ. ಹಕ್ಕಿ ಇಲ್ಲ." "ಮಗ ಕೆಂಗೇರಿಗೆ, ಚಿಕ್ಕಪ್ಪನ ಮನೆಗೆ. ಹಕ್ಕಿ ಇಲ್ಲ." ಇನ್ನೊಂದು ಪುಟದಲ್ಲಿ ಬಹಳ ಹೊತ್ತು ನಿಂತಳು. ಅವಳು ಎದ್ದುಹೋದ ಮೇಲೆ ನಾನು ಅದನ್ನು ನೋಡಿದೆ. "ಚಾತಕ ಕೂಗಿತು, ಆರು ಸಲ. ಮಗ ಮೋಟರ್ ಆಫ್ ಮಾಡಲು ಕೆಳಗೆ ಹೋಗಿದ್ದ. ಪಾಪ, ಇವತ್ತೂ ಅವನಿಗೆ ಸಿಗಲಿಲ್ಲ."

ಹಾಗೆ ಸುಮಾರು ಕಡೆ ಇತ್ತು. ಪಾಪ, ಇವತ್ತೂ ಅವನಿಗೆ ಸಿಗಲಿಲ್ಲ.

"ಎಲ್ಲಾ ದಿನಾನೂ ನೀನೇನಾ?" ಅಂದಳು. ತಲೆ ಎತ್ತಲಿಲ್ಲ.

"ಹೂಂ."

"ಮೊದಲನೇ ದಿನಾನೂ?"

"ಹೂಂ ಅಮ್ಮ. ನಗಿಸೋಣ ಅಂತ ಮಾಡಿದ್ದು. ನೀನು ಅತ್ತುಬಿಟ್ಟೆ."

ಇನ್ನೂ ಏನೇನೋ ಹೇಳಬೇಕು ಅಂತ ಬಾಯಿ ತೆಗೆದೆ. ದನಿ ಎರಡಾಗಿ ಬಂತು, ಮುಚ್ಚಿಕೊಂಡೆ. ಬೈದಿದ್ದರೆ ಅವಳ ಬೈಗುಳವನ್ನು ಮುಂದೆ ಒಂದು ದಿನ ಅವಳದೇ ದನಿಯಲ್ಲಿ ಮಾಡಿ ನಗಿಸಬಹುದಿತ್ತು. ಅವಳು ಬೈಯಲೇ ಇಲ್ಲ. ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಶನಿವಾರ. ಮಕ್ಕಳು ಬಂದಿದ್ದರು.

ಅಮ್ಮ ಎದ್ದು ಮುಖ ತೊಳೆದು ಕೆಳಗೆ ಇಳಿದಳು. ಇವತ್ತು ಪಾಠ ಇಲ್ಲ ಅಂದಳು. ಮಧ್ಯಾಹ್ನ ಒಬ್ಬೊಬ್ಬ ಆಂಟಿಗೂ ಫೋನ್ ಮಾಡಿ, ಇನ್ನು ಮುಂದೆಯೂ ಇಲ್ಲ ಅಂದಳು. ಅವರು ಕಾರಣ ಕೇಳಿದಾಗ, "ನಂಗೆ ಆಗ್ತಾ ಇಲ್ಲ" ಅನ್ನುವುದು ರೂಮಿನ ಆಚೆ ನನಗೆ ಐದು ಸಲ ಕೇಳಿತು.

"ನಾನು ಎಲ್ರಿಗೂ ಹೇಳ್ತೀನಿ ಅಮ್ಮ, ನಂದೇ ತಪ್ಪು ಅಂತ. ನೀನು ನಿಲ್ಲಿಸ್ಬೇಡ" ಅಂದೆ.

"ನಿಂದು ತಪ್ಪು ಸರಿ. ನೀನು ಹುಡುಗ, ಮಾಡಿದೆ." ಅವಳು ಚಾಪೆ ಸುತ್ತುತ್ತಿದ್ದಳು. "ಕೇಳಿದ್ದನ್ನ ಸರಿಯಾಗಿ ಕೇಳಿಸ್ಕೊಳ್ಳಿ ಅಂತ ಆ ಮಕ್ಕಳಿಗೆ ಹೇಳ್ಕೊಡ್ತಿದ್ದೋಳು ನಾನು. ಹೆತ್ತ ಮಗನ ಗಂಟಲು ನಂಗೆ ಗೊತ್ತಾಗ್ಲಿಲ್ಲ. ಇನ್ನೇನು ಹೇಳ್ಕೊಡ್ಲಿ?"

ತಂಗಿಗೆ ಅಮ್ಮನೇ ಹೇಳಿದಳು. ಅವಳು ಅಳಲಿಲ್ಲ. ಸ್ಕೇಲು, ಪೆನ್ನು ತಂದು, ತನ್ನ ಪುಸ್ತಕದಲ್ಲಿ ಚಾತಕ ಇದ್ದ ಕಡೆಯೆಲ್ಲ ಒಂದೊಂದೇ ಗೆರೆ ಎಳೆಯುತ್ತಾ ಕೂತಳು. ಅರ್ಧಕ್ಕೆ ನಿಲ್ಲಿಸಿ, "ಅಮ್ಮಾ, ನಾನು ಕೇಳಿದ್ದಂತೂ ನಿಜ ಅಲ್ವಾ?" ಅಂದಳು.

"ನೀನು ಕೇಳಿದ್ದು ನಿಜ ಕಣೇ."

"ಮತ್ತೆ ಯಾಕೆ ಹೊಡೀಬೇಕು?"

ಅಮ್ಮ ಸುತ್ತಿದ ಚಾಪೆಯನ್ನು ಎತ್ತಿ ಮೂಲೆಗೆ ನಿಲ್ಲಿಸಿದಳು. ತಂಗಿ ಉಳಿದದ್ದನ್ನೂ ಹೊಡೆದಳು. ನನ್ನ ಜೊತೆ ದೀಪಾವಳಿಯವರೆಗೆ ಮಾತು ಬಿಟ್ಟಳು.

ಅಪ್ಪನಿಗೆ ಅಮ್ಮ ನಿಜ ಹೇಳಲಿಲ್ಲ. ಅಡ್ಮಿಷನ್ ಮಾಡಿಸಿ ಅಂದಳು, ಅಷ್ಟೇ. ಅಪ್ಪ ಎರಡು ಸಲ, "ಯಾಕೆ?" ಅಂದು, ಮೂರನೇ ಸಲ ಅಭ್ಯಾಸದಂತೆ ತಲೆಯಾಡಿಸಿದರು. ಭಾನುವಾರ ಅತ್ತೆ ಬಂದರು. ಪಾಠ ನಿಂತದ್ದು ಕೇಳಿ ಅವರು ಗೆದ್ದ ಹಾಗೆ ನಗುತ್ತಾರೆ ಅಂತ ನಾನು ಕಾದಿದ್ದೆ. ಅವರು ನಗಲಿಲ್ಲ.

"ಯಾಕಮ್ಮ, ಚೆನ್ನಾಗೇ ಮಾಡ್ತಿದ್ಯಲ್ಲ?"

"ನನ್ನಿಂದ ಆಗ್ಲಿಲ್ಲ ಅತ್ತಿಗೆ" ಅಂದಳು ಅಮ್ಮ. ನಾನು ಅಲ್ಲೇ ಸೋಫಾದ ತುದಿಯಲ್ಲಿ ಕೂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಬಿಡಲಿಲ್ಲ. ಟ್ಯಾಂಕಿನ ಹಿಂದಿನಿಂದ ಹಾರದೆ ಹೋದದ್ದಕ್ಕೆ ಹನ್ನೊಂದು ವರ್ಷ ಅಂತ ನೆಪ ಕೊಡಬಹುದು. ಇದಕ್ಕೆ ಯಾವ ನೆಪವೂ ಇಲ್ಲ.

ಸ್ಕೂಲು ಚೆನ್ನಾಗೇ ಇತ್ತು. ನನಗೆ ಗೆಳೆಯರು ಸಿಕ್ಕರು, ತಂಗಿಗೆ ವಿಜ್ಞಾನದಲ್ಲಿ ಬಹುಮಾನ ಬಂತು. ಅಕ್ಟೋಬರಿನಲ್ಲಿ ಸರಸ್ವತಿ ಪೂಜೆಗೆ ನಾವು ಹೊಸ ಸ್ಕೂಲಿನ ಪುಸ್ತಕಗಳನ್ನು ದೇವರ ಮುಂದೆ ಜೋಡಿಸಿದೆವು. ನಾನು ಅಮ್ಮನ ನೋಟ್ ಪುಸ್ತಕಗಳನ್ನೂ ತಂದಿಟ್ಟೆ. ಅಮ್ಮ ಹೂವು ಏರಿಸುತ್ತಾ ಅವುಗಳ ಹತ್ತಿರ ಬಂದಾಗ ಕೈ ತಡೆದಳು. ಮೆಲ್ಲಗೆ ಎತ್ತಿ, ಸೆರಗಿನಿಂದ ಧೂಳು ಒರೆಸಿ, ಒಳಗೆ ಬೀರುವಿನಲ್ಲಿಟ್ಟು ಬಂದು ಪೂಜೆ ಮುಂದುವರಿಸಿದಳು.

ಈಗ ನಾನು ಸೆಕೆಂಡ್ ಪಿಯುಸಿ. ದನಿ ಒಂದು ಕಡೆ ನಿಂತಿದೆ, ದಪ್ಪ ದನಿಗಳೆಲ್ಲ ಬರುತ್ತವೆ. ಕಾಲೇಜ್ ಡೇಗೆ ಪ್ರಿನ್ಸಿಪಾಲ್ ಸರ್ ದನಿಯನ್ನ ಅವರ ಎದುರಿಗೇ ಮಾಡಿದೆ, ಅವರೇ ಎದ್ದು ಚಪ್ಪಾಳೆ ಹೊಡೆದರು. ಗೆಳೆಯರು, "ಮಗಾ, ನೀನು ಹುಟ್ಟಿದ್ದೇ ಇದಕ್ಕೆ ಗುರು" ಅನ್ನುತ್ತಾರೆ. ಮನೆಯಲ್ಲಿ ಮಾತ್ರ ನಾನು ಯಾರ ದನಿಯನ್ನೂ ಮಾಡುವುದಿಲ್ಲ. ಯಾರೂ ಬೇಡ ಅಂದಿಲ್ಲ. ಅಮ್ಮ ಒಳ್ಳೆಯ ಸಾರು ಮಾಡುತ್ತಾಳೆ, ಸೀರಿಯಲ್ಲು ನೋಡುತ್ತಾಳೆ, ನಮ್ಮ ಜೊತೆ ನಗುತ್ತಾಳೆ. ಬೆಳಿಗ್ಗೆ ಮಂಗಳಾರತಿ ಆದ ಮೇಲೆ ಟೆರೇಸಿಗೆ ಹೋದರೆ ಬಟ್ಟೆ ಹರವಿ ವಾಪಸ್ ಬರುತ್ತಾಳೆ.

ಹೋದ ಜೂನಿನಲ್ಲಿ ಒಂದು ದಿನ ಜ್ಞಾನಭಾರತಿ ಕಡೆ, ಮರಗಳ ನಡುವಿನ ರಸ್ತೆಯಲ್ಲಿ, ಗೆಳೆಯನ ಬೈಕು ಪಂಕ್ಚರ್ ಆಗಿ ತಳ್ಳಿಕೊಂಡು ಬರುತ್ತಿದ್ದೆವು. ಮೇಲೆ ಏನೋ ಕೂಗಿತು. ಕತ್ತೆತ್ತಿದೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಲೆಯ ಮೇಲೆ ಜುಟ್ಟು. ಅಮ್ಮ ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ಹಾಗೇ ಇತ್ತು. ಕೂಗು ಮಾತ್ರ ಬೇರೆ. ನನ್ನದರಷ್ಟು ನಿಧಾನವಿಲ್ಲ, ಇಳಿದು ನಿಲ್ಲುವುದೂ ಇಲ್ಲ. ಯಾರೋ ಅವಸರದಲ್ಲಿ ಕರೆದ ಹಾಗೆ, ಲೋಹದ ಮೇಲೆ ಬಡಿದ ಹಾಗೆ, ಸಾಲಾಗಿ ಬಂದು ಫಟ್ಟನೆ ನಿಂತಿತು. ನಾನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಹೋದೆ. "ಎಲ್ಲಿಗೋ?" ಅಂತ ಎರಡು ಸಲ ಕೇಳಿದಳು. "ಬಾ ಅಮ್ಮ, ಸುಮ್ನೆ ವಾಕಿಂಗು" ಅಂದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿದೆವು. ದೀಪಾಂಜಲಿ ನಗರ ದಾಟಿದ ಮೇಲೆ ಚಾತಕ ಕಂಡದ್ದನ್ನು ಹೇಳಿಬಿಟ್ಟೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಆ ಮರದ ಕೆಳಗೆ ಅರ್ಧ ಗಂಟೆ ನಿಂತೆವು. ಕಾಲೇಜು ಹುಡುಗರು ಬೈಕಿನಲ್ಲಿ ಹೋಗುತ್ತಿದ್ದರು. ಕೊನೆಗೆ ಅದು ಕೂಗಿತು, ಬಹಳ ಹತ್ತಿರದಲ್ಲಿ, ತಲೆಯ ಮೇಲೆಯೇ.

ಅಮ್ಮ ಮರದ ಕಡೆ ನೋಡಲಿಲ್ಲ. ಮೊದಲು ನನ್ನ ಬಾಯಿಯನ್ನು ನೋಡಿದಳು.

ಬೇಕು ಅಂತ ನೋಡಿದ್ದಲ್ಲ, ಅವಳ ಕಣ್ಣು ತಾನಾಗಿ ಬಂತು. ನಾನು ತುಟಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದೆ. ಅದು ಅವಳಿಗೆ ಗೊತ್ತಾಗಿ, ಕೆನ್ನೆ ಕೆಂಪಾಗಿ, ಅವಸರದಿಂದ ಮೇಲೆ ನೋಡಿದಳು. ಅಷ್ಟರಲ್ಲಿ ಕೊಂಬೆ ಅಲ್ಲಾಡಿ ನಿಂತಿತ್ತು. ಇನ್ನೂ ಸ್ವಲ್ಪ ಹೊತ್ತು ಕಾದೆವು. ಮತ್ತೆ ಕೂಗಲಿಲ್ಲ.

"ಅದೇನಾ ಅಮ್ಮ? ಅಜ್ಜಿ ಊರಲ್ಲಿ ಕೂಗ್ತಿದ್ದಿದ್ದು ಅದೇನಾ?"

ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಗಂಟಲ ಮೇಲೆ ಕೈ ಹೋಯಿತು, ಸರವನ್ನು ಸರಿಮಾಡಿಕೊಂಡು ಕೆಳಗೆ ಇಳಿಯಿತು.

"ಗೊತ್ತಾಗ್ತಿಲ್ಲ ಕಣೋ. ಆ ಹಕ್ಕಿ ಅಂದ್ರೆ ಈಗ ನೀನು ಕೂಗ್ತಿದ್ದಿದ್ದೇ ಕೇಳ್ಸುತ್ತೆ" ಅಂದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು ಸ್ಟೇಷನ್ ಕಡೆ ಹೆಜ್ಜೆ ಹಾಕಿದಳು.